ಹೂವಿನ ಲೆಕ್ಕ

ಭಾರತ ಜಪಾನನ್ನು ಹಿಂದಿಕ್ಕಿದ ಸುದ್ದಿ ನನಗೆ ತಲುಪಿದ್ದು ನರಸಾಪುರದ ಹತ್ತಿರ, ಹೋಂಡಾ ಸ್ಕೂಟರಿನ ಮೇಲೆ. ಮುಂದೆ ಟೊಮೇಟೊ ಲಾರಿ, ಹಿಂದಿನ ಸೀಟಲ್ಲಿ ದೊಡ್ಡಪ್ಪ. 2025ರ ಮೇ ತಿಂಗಳು. ನಾವೀಗ ಜಗತ್ತಿನ ನಾಲ್ಕನೇ ದೊಡ್ಡ ಆರ್ಥಿಕತೆ ಅಂತ ನೀತಿ ಆಯೋಗದ ಸಿಇಒ ದಿಲ್ಲಿಯಲ್ಲಿ ಹೇಳಿಬಿಟ್ಟಿದ್ದರು. ಮೊಬೈಲ್ ನೋಡಿದ ದೊಡ್ಡಪ್ಪ ಅಂದದ್ದು ಇಷ್ಟೇ: "ಜಪಾನ್ ದಾಟಿದ್ದಾಯ್ತಲ್ಲ, ಈ ಲಾರಿನೂ ದಾಟಪ್ಪ. ಮಂಡಿಗೆ ಹೊತ್ತಾಯ್ತು."

ಆಮೇಲೆ ನೋಡಿದರೆ ಅದು ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್‌ನವರ ಅಂದಾಜು. ಭಾರತ 4.187 ಲಕ್ಷ ಕೋಟಿ ಡಾಲರ್, ಜಪಾನ್ 4.186. ಅದೂ ಯಾವ ವರ್ಷಕ್ಕೆ? ಶುರುವಾಗಿ ಎರಡು ತಿಂಗಳೂ ತುಂಬದ ಆರ್ಥಿಕ ವರ್ಷಕ್ಕೆ. ಕೋಲಾರದವರಿಗೆ ಇದೇನು ಹೊಸ ವಿದ್ಯೆಯಲ್ಲ. ಟೊಮೇಟೊ ಗಿಡ ಹೂ ಬಿಟ್ಟ ದಿನವೇ ದೊಡ್ಡಪ್ಪ ಬದುವಿನ ಮೇಲೆ ಕೂತು ಲೆಕ್ಕ ಹಾಕುತ್ತಾರೆ: ಎಕರೆಗೆ ಇಷ್ಟು ಬಾಕ್ಸು, ಬಾಕ್ಸಿಗೆ 15 ಕೆಜಿ, 2023ರ ಜುಲೈನಲ್ಲಿ ಬಾಕ್ಸು 2000 ರೂಪಾಯಿ ದಾಟಿತ್ತಲ್ಲ, ಅದೇ ರೇಟು ಹಿಡಿದರೆ ಮಗಳ ಮದುವೆ, ಇನ್ನೊಂದು ಬೋರ್‌ವೆಲ್ಲು, ಮಿಕ್ಕಿದರೆ ಕಾರು. ಆಮೇಲೆ ಎಲೆ ಮುದುರು ರೋಗ ಬರುತ್ತದೆ, ಕಾರು ಹೋಗುತ್ತದೆ. ಆದರೆ ದೊಡ್ಡಪ್ಪ ಈ ಲೆಕ್ಕವನ್ನು ದೊಡ್ಡಮ್ಮನಿಗೆ ಮಾತ್ರ ಹೇಳುತ್ತಾರೆ. ಪತ್ರಿಕಾಗೋಷ್ಠಿ ಕರೆಯುವುದಿಲ್ಲ.

ತಲೆಗೆ ಹಂಚಿದರೆ ಜಪಾನಿನವನ ಪಾಲು ನಮ್ಮದರ ಹತ್ತು ಪಟ್ಟಿಗೂ ಮೇಲೆ. ಅದಕ್ಕೇ ಇರಬೇಕು, 2021ರಲ್ಲಿ ಎಣಿಸಬೇಕಿದ್ದ ತಲೆಗಳನ್ನು ನಾವು ಎಣಿಸದೇ ಬಿಟ್ಟದ್ದು.

ವಿದೇಶಿ ಕಂಪನಿಗಳಿಗೆ ತೋರಿಸಲು ನಮ್ಮ ಹತ್ತಿರ ಇನ್ನೊಂದು ಅಂಕಿಯಿತ್ತು. ವ್ಯವಹಾರ ನಡೆಸುವುದು ಎಷ್ಟು ಸುಲಭ ಎಂಬ ವಿಶ್ವಬ್ಯಾಂಕಿನ ಪಟ್ಟಿಯಲ್ಲಿ 142ನೇ ಸ್ಥಾನದಿಂದ 2019ಕ್ಕೆ 63ಕ್ಕೆ ಏರಿದ್ದೆವು. ಇಡೀ ದೇಶದ ಸುಲಭವನ್ನು ಅವರು ಅಳೆದದ್ದು ಮುಂಬೈ, ದಿಲ್ಲಿ ಎರಡರಲ್ಲೇ. ಕೆಲವು ದೇಶಗಳ ಅಂಕಿ ತಿದ್ದಿದ್ದು ಬಯಲಾಗಿ, 2021ರಲ್ಲಿ ವಿಶ್ವಬ್ಯಾಂಕು ಪಟ್ಟಿಯನ್ನೇ ಕೈಬಿಟ್ಟಿತು. ಮಂಡಿಯಲ್ಲಿ ತಕ್ಕಡಿ ಸರಿಯಿಲ್ಲ ಅಂತ ಗೊತ್ತಾದರೆ ತೂಗಿದ್ದನ್ನು ಇನ್ನೊಮ್ಮೆ ತೂಗುತ್ತಾರೆ. ಇಲ್ಲಿ ತಕ್ಕಡಿ ಎಸೆದರು, ತೂಕ ಉಳಿಸಿಕೊಂಡೆವು.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶಕ್ಕೆ ಬಂದ ಭರವಸೆ 10.27 ಲಕ್ಷ ಕೋಟಿ ರೂಪಾಯಿ. ಎಷ್ಟೊಂದು ಹೂವು! ಅಷ್ಟನ್ನೂ ಒಂದೇ ವೇದಿಕೆಯಲ್ಲಿ ಮುಡಿಸಿದ್ದಾಯಿತು.

ವಿದೇಶಿ ಬಂಡವಾಳದ ವಿಷಯದಲ್ಲಿ ಕೋಲಾರ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1880ರಲ್ಲೇ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯವರು ಚಿನ್ನ ಅಗೆಯಲು ಕೆಜಿಎಫ್‌ಗೆ ಬಂದಿದ್ದರು. ಅವರಿಗಾಗಿ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರು ಇನ್ನೂ ಮೂರು ವರ್ಷ ಕತ್ತಲಲ್ಲಿ ಕಾಯಬೇಕಾಯಿತು. ಎಲ್ಲ ಅನುಮತಿ ಒಂದೇ ಕಡೆ ಸಿಗುವ ಏಕಗವಾಕ್ಷಿ ಅಂದರೆ ಅದು! ಅವರ ಕಾಲದಲ್ಲೂ, ಆಮೇಲೆ ಸರ್ಕಾರದ ಕೈಯಲ್ಲೂ ಅಗೆದು ತೆಗೆದ ಚಿನ್ನ ಸುಮಾರು 800 ಟನ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಬೇರ್ಪಡಿಸಿ ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಇನ್ನೂ ಇವೆ, ಗಾಳಿ ಬೀಸಿದರೆ ಮನೆಯೊಳಕ್ಕೂ ಬರುತ್ತವೆ. ಇದನ್ನು ನಾನು ಸ್ಕೂಟರಿನಲ್ಲೇ ವಿವರಿಸಿದಾಗ ದೊಡ್ಡಪ್ಪ ಒಂದೇ ಪ್ರಶ್ನೆ ಕೇಳಿದರು: "ಅವ್ರು ಒಪ್ಪಂದಕ್ಕೆ ಸೈನ್ ಹಾಕೋವಾಗ ಫೋಟೋ ತೆಗೆಸ್ಕೊಂಡಿದ್ರಾ?"

ಗೊತ್ತಿಲ್ಲ ಅಂದೆ.

"ಅದಕ್ಕೇ ಕೆಲಸ ಆಯ್ತು."

ಲಾರಿ ಕೊನೆವರೆಗೂ ದಾರಿ ಬಿಡಲಿಲ್ಲ. ಬೆಳಗ್ಗೆಯೇ ಗಾಡಿಯಲ್ಲಿ ಕಳಿಸಿದ್ದ ನಮ್ಮ ಬಾಕ್ಸುಗಳು ನಾವು ಹೋಗುವಷ್ಟರಲ್ಲಿ ಹರಾಜಾಗಿದ್ದವು. ಕಮಿಷನ್, ಹಮಾಲಿ, ಬಾಡಿಗೆ ಎಲ್ಲ ಕಳೆದು ಮಂಡಿಯವರು ಕೊಟ್ಟ ಚೀಟಿಯನ್ನು ದೊಡ್ಡಪ್ಪ ಎರಡು ಸಲ ತಿರುಗಿಸಿ ನೋಡಿ, ಮಡಚಿ ಜೇಬಿಗಿಟ್ಟುಕೊಂಡರು.

"ಆ ಜಪಾನಿನವ್ರು ಟೊಮೇಟೊ ತಿಂತಾರಾ, ಯಾರನ್ನಾದ್ರೂ ಕೇಳಿ ನೋಡಪ್ಪ."