ಅಂತರಗಂಗೆ ತೆಗೆಸುವ ಮೊದಲು ಗೊಬ್ಬರದ ಚೀಲ ನೋಡಿ

ನಮ್ಮ ಕಡೆ ಕೆರೆ ಕೆಟ್ಟಿತು ಅಂದರೆ ಮೊದಲು ಬರುವುದು ಜೆಸಿಬಿ. ಅಂತರಗಂಗೆ ಎಳೆದು ಏರಿ ಮೇಲೆ ಗುಡ್ಡೆ ಹಾಕುತ್ತಾರೆ, ಫೋಟೋ ಆಗುತ್ತದೆ, ಮಳೆಗೆ ಅದೇ ಕೊಳೆತು ವಾಪಸ್ ಕೆರೆಗಿಳಿಯುತ್ತದೆ. ಆ ಕಳೆಗೆ ಅನ್ನ ಅಂದರೆ ಮುಖ್ಯವಾಗಿ ನೀರು ಸೇರುವ ರಂಜಕ (ಫಾಸ್ಫರಸ್). ಅದನ್ನು ಹಾಕುತ್ತಿರುವವರು ಯಾರು ಅಂತ ಕೇಳುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅದರಲ್ಲಿ ಅಡಿಕೆ ತೋಟದ ಪಾಲೂ ಇದೆ. ಫಸಲು ಕೊಡುವ ಮರಕ್ಕೆ ವರ್ಷದ ಶಿಫಾರಸು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. 10:26:26 ಮಿಶ್ರ ಗೊಬ್ಬರ (ಇದೇ ಕ್ರಮದಲ್ಲಿ ಮೂರರ ಶೇಕಡಾ ಪ್ರಮಾಣ) ಅರ್ಧ ಕಿಲೋ ಹಾಕಿದರೆ ರಂಜಕವೇ 130 ಗ್ರಾಂ. ಸಾರಜನಕ ಬರೀ 50. ಸೋಗೆ ಬಿಳಿಚಿತು ಅಂತ ಅದನ್ನೇ ಇನ್ನೆರಡು ಹಿಡಿ ಎರಚುವವರೂ ಇದ್ದಾರೆ!

ಹೆಚ್ಚಾದ ರಂಜಕದ ಬಹುಪಾಲನ್ನು ನಮ್ಮ ಹುಳಿ ಕೆಮ್ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಕಚ್ಚಿಕೊಳ್ಳುತ್ತವೆ. ಜೂನ್‌ನಲ್ಲಿ ಬಸಿಗಾಲುವೆ ಕೆಂಪಗೆ ಹರಿಯುತ್ತಲ್ಲ, ಆಗ ಮಣ್ಣಿನ ಜೊತೆ ಅದೂ ಹೊರಡುತ್ತದೆ. ಬೇಸಿಗೆಯಲ್ಲಿ ಕೆರೆಯ ತಳದ ಆಮ್ಲಜನಕ ಮುಗಿದರೆ ಕಬ್ಬಿಣ ಹಿಡಿತ ಬಿಡುತ್ತದೆ, ರಂಜಕ ನೀರಿಗೆ ಸೇರುತ್ತದೆ. ಮೇಲಿಂದ ಏನೂ ಬರದ ತಿಂಗಳಲ್ಲೂ ನೀರು ಹಸಿರಾಗುವುದು ಅದಕ್ಕೇ.

ಮಣ್ಣು ಪರೀಕ್ಷೆಯಲ್ಲಿ ರಂಜಕ ಹೆಚ್ಚು ಅಂತ ಬಂದರೆ ಮಿಶ್ರ ಗೊಬ್ಬರ ಬಿಡಿ. ಮರಕ್ಕೆ ವರ್ಷಕ್ಕೆ ಯೂರಿಯಾ ಸುಮಾರು 220 ಗ್ರಾಂ, ಎಂಒಪಿ (ಪೊಟ್ಯಾಷ್ ಗೊಬ್ಬರ) 235 ಗ್ರಾಂ ಬಿಡಿಯಾಗಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ದೊಡ್ಡ ಕಂತು ಮಳೆ ಇಳಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಬುಡ ಬಿಡಿಸಿ, ಗೊಬ್ಬರ ಹಾಕಿ, ಸೊಪ್ಪು ಹೊದಿಸಿ, ಮಣ್ಣು ಮುಚ್ಚಿ. ಮುಂಗಾರಿಗೆ ಮುಂಚೆ ಹೊಸ ಮಣ್ಣು ಹಾಕಿ ಬರಿದೇ ಬಿಡುವುದಂತೂ ಕೆರೆಗೆ ಹೂಳು ಕಳಿಸಿದ ಹಾಗೆ.

ಕಾಲುವೆ ತುದಿಗೆ ಗುಂಡಿ ತೋಡಿದರೆ ಸಾಕು ಅನ್ನುವವರಿಗೆ ಒಂದು ಮಾತು: ಗುಂಡಿಯಲ್ಲಿ ನಿಲ್ಲುವುದು ಮರಳು. ರಂಜಕ ಹೆಚ್ಚು ಅಂಟಿರುವುದು ನುಣ್ಣನೆಯ ಜೇಡಿಗೆ, ಅದು ಗುಂಡಿ ದಾಟಿ ಹೋಗುತ್ತದೆ. ಅದನ್ನು ತಡೆಯಬೇಕಾದ್ದು ತೋಟದೊಳಗೇ, ದರಕು (ಒಣ ಎಲೆ)–ಸೋಗೆಯ ಹೊದಿಕೆಯಿಂದ. ಕಾಲುವೆ ಅಂಚಿನ ಹುಲ್ಲನ್ನೂ ಕಳೆನಾಶಕ ಹೊಡೆದು ಸುಡಬೇಡಿ.

ಪೇಟೆ ಕೆರೆಗಳ ಕಥೆ ಬೇರೆ, ಅಲ್ಲಿ ಮುಖ್ಯ ಮೂಲ ಕಕ್ಕಸು–ಬಚ್ಚಲ ನೀರು. ಶುದ್ಧೀಕರಣ ಘಟಕ ಕಟ್ಟಿದ್ದೇವೆ ಅಂದರೆ ಸಾಲದು. ಮಾಮೂಲಿ ಘಟಕ ವಾಸನೆ, ಕೊಳಕು ತೆಗೆಯುತ್ತದೆ. ರಂಜಕದ ಹೆಚ್ಚಿನ ಪಾಲು ತಿಳಿನೀರಿನಲ್ಲೇ ಉಳಿಯುತ್ತದೆ. ಆಲಂ (ಪಟಿಕ) ಹಾಕಿ ಅದನ್ನು ತಳಕ್ಕೆ ಕೂರಿಸುವ ಹಂತ ಬೇಕು, ಆ ಕೆಸರು ಕೆರೆಯಿಂದ ದೂರ ಹೋಗಬೇಕು. ನಿಮ್ಮೂರಲ್ಲಿ ಘಟಕದ ಟೆಂಡರ್ ಕರೆದರೆ, ಹೊರಬಿಡುವ ನೀರಿನಲ್ಲಿ ರಂಜಕ ಎಷ್ಟಿರಬಹುದು ಅಂತ ಮಿತಿ ಬರೆದಿದ್ದಾರಾ, ಕೇಳಿ ನೋಡಿ.