ಕೇರ್ ಉಪ್ಪಿಟ್ಟು ಎಲ್ಲಿಂದ ಬರುತ್ತಿತ್ತು?

ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರು ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿದವಳು ನಾನು. ಹನ್ನೊಂದು ಗಂಟೆಗೆಲ್ಲ ಗೋಧಿ ನುಚ್ಚಿನ ಉಪ್ಪಿಟ್ಟಿನ ಘಮ ಕ್ಲಾಸಿಗೆ ನುಗ್ಗುತ್ತಿತ್ತು. ಆಮೇಲೆ ಪಾಠ ಯಾರ ತಲೆಗೂ ಹೋಗುತ್ತಿರಲಿಲ್ಲ. ಮುತ್ತುಗದ ಎಲೆ ಹಿಡಿದು ಸಾಲಲ್ಲಿ ನಿಲ್ಲುತ್ತಿದ್ದೆವು. ಹಾಲಿನ ಪುಡಿ ಸಿಕ್ಕರೆ ಹಾಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಅದು ಅಂಗುಳಕ್ಕೆ ಅಂಟಿಕೊಂಡರೆ ಬೆರಳಲ್ಲಿ ಕೆರೆದು ತೆಗೆಯಬೇಕಿತ್ತು. ಎಣ್ಣೆ ಡಬ್ಬದ ಮೇಲೆ ಕೈ ಕುಲುಕುವ ಎರಡು ಕೈಗಳ ಚಿತ್ರ. ಅಂಥ ಒಂದು ಖಾಲಿ ಡಬ್ಬ ನಮ್ಮ ಮನೆಗೂ ಬಂದಿತ್ತು. ಅಮ್ಮ ಅದರಲ್ಲಿ ಹುರುಳಿಕಾಳು ತುಂಬಿಡುತ್ತಿದ್ದರು.

ಅದು ಕೇರ್ ಉಪ್ಪಿಟ್ಟು. ಕೇರ್ ಅನ್ನೋದು ಅಮೆರಿಕದ ಸಂಸ್ಥೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಆ ಅನ್ನದ ಋಣ ನನ್ನ ಮೇಲಿದೆ. ಆದರೆ ಶಾಲೆಯ ಬೇಲಿಯಾಚೆ ಇದ್ದದ್ದು ರಾಗಿ ಹೊಲ. ಪಕ್ಕದ ಹೊಲದ ರಾಗಿ ಬಿಟ್ಟು ಏಳು ಸಮುದ್ರದಾಚೆಯ ಗೋಧಿ ನಮ್ಮ ಎಲೆಗೆ ಯಾಕೆ ಬಂತು?

ಅಮೆರಿಕ 1954ರಲ್ಲಿ ಪಿಎಲ್ 480 ಕಾನೂನು ಮಾಡಿತು. ಅಲ್ಲಿನ ರೈತರು ಬೆಳೆದು ಮಿಕ್ಕಿದ ಧಾನ್ಯವನ್ನು ಹೊರಗೆ ಕಳಿಸಲು ಅದೊಂದು ದಾರಿಯಾಯಿತು. ಕಳಿಸೋದರಲ್ಲಿ ಒಂದು ಪಾಲು ಅಮೆರಿಕದ ಹಡಗುಗಳಲ್ಲೇ ಹೋಗಬೇಕು ಅಂತಲೂ ನಿಯಮ ಇತ್ತು. ಆ ಪಾಲು 1985ರಲ್ಲಿ ಶೇ. 75ಕ್ಕೆ ಏರಿತು. 2012ರಲ್ಲಿ ಮತ್ತೆ ಶೇ. 50ಕ್ಕೆ ಇಳಿಯಿತು. ಹಸಿದವರ ಹೆಸರಲ್ಲಿ ಹೊರಟ ದುಡ್ಡು ಮೊದಲು ತನ್ನ ಊರಲ್ಲೇ ಒಂದು ಸುತ್ತು ಹಾಕುತ್ತಿತ್ತು.

ಎಷ್ಟು ಅಂತ ಅವರ ಸರ್ಕಾರದ್ದೇ ಲೆಕ್ಕ ತಪಾಸಣಾ ಕಚೇರಿ ಹೇಳಿದೆ. 2007ರ ವರದಿ ಪ್ರಕಾರ ಆಹಾರ ನೆರವಿನ ಖರ್ಚಿನಲ್ಲಿ ಸುಮಾರು ಶೇ. 65 ಹೋಗುತ್ತಿದ್ದದ್ದು ಸಾಗಣೆಗೆ ಮತ್ತು ಇತರ ವ್ಯವಹಾರಕ್ಕೆ. ಕಾಳಿಗಿಂತ ಬಾಡಿಗೆಯೇ ಜಾಸ್ತಿ! 2009ರ ವರದಿ ಇನ್ನೂ ನೇರ. ಅಮೆರಿಕದಿಂದ ಧಾನ್ಯ ಆಫ್ರಿಕಾದ ದೇಶಗಳಿಗೆ ತಲುಪಲು ಸರಾಸರಿ 147 ದಿನ ಬೇಕು. ಅದೇ ದೇಶದಲ್ಲಿ ಕೊಂಡರೆ 35 ದಿನ ಸಾಕು, ಖರ್ಚೂ ಸುಮಾರು ಮೂರನೇ ಒಂದರಷ್ಟು ಕಡಿಮೆ. ಬರ ಬಿದ್ದ ಊರಲ್ಲಿ ಒಂದು ಮಗು ಐದು ತಿಂಗಳು ಕಾಯುತ್ತಾ?

ಅದಕ್ಕೇ 'ನೆರವಿನ ಸುಧಾರಣೆ' ಅಂದಾಗ ನನಗೆ ದೊಡ್ಡ ದೊಡ್ಡ ಘೋಷಣೆಗಳ ಮೇಲೆ ಆಸೆ ಇಲ್ಲ. 2005ರಲ್ಲಿ ಪ್ಯಾರಿಸ್‌ನಲ್ಲಿ ಕೊಡುವ ದೇಶಗಳು, ಪಡೆಯುವ ದೇಶಗಳು ಎರಡೂ ಕೂತು ಒಪ್ಪಂದಕ್ಕೆ ಬಂದವು. 2010ಕ್ಕೆ ಅಂತ 13 ಗುರಿ ಇಟ್ಟುಕೊಂಡವು. ಜಗತ್ತಿನ ಮಟ್ಟದಲ್ಲಿ ಮುಟ್ಟಿದ್ದು ಒಂದೇ ಒಂದು. ಕಾಳು ಎಲ್ಲಿ ಕೊಳ್ಳಬೇಕು ಅನ್ನೋ ಸಣ್ಣ ನಿಯಮ ಬದಲಾದ ಕಡೆ ಮಾತ್ರ ಕಣ್ಣಿಗೆ ಕಾಣುವ ಕೆಲಸ ಆಗಿದೆ. ಕೆನಡಾ 2008ರಲ್ಲಿ 'ನಮ್ಮ ದೇಶದ ಧಾನ್ಯವೇ ಆಗಬೇಕು' ಅನ್ನೋ ಷರತ್ತನ್ನು ಪೂರ್ತಿ ತೆಗೆದುಹಾಕಿತು. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಅದೇ ವರ್ಷ 20 ದೇಶಗಳಲ್ಲಿ ಸಣ್ಣ ರೈತರ ಹತ್ತಿರವೇ ಕೊಳ್ಳಲು ಶುರು ಮಾಡಿತು. ತೊಡಕೂ ಇದೆ. ಮೆಕ್ಕೆಜೋಳ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿದು ವಿಷವಾಗುತ್ತೆ. ಬರಗಾಲದಲ್ಲಿ ಒಂದೇ ಸಲ ರಾಶಿ ಕೊಂಡರೆ ಸಂತೆಯಲ್ಲಿ ಬೆಲೆ ಏರಿ ಬಡವರಿಗೇ ಹೊಡೆತ. ನೋಡಿಕೊಂಡು ಕೊಳ್ಳಬೇಕು.

ಆದರೂ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ನಮ್ಮ ಉಪ್ಪಿಟ್ಟಿನ ಕೇರ್ ಸಂಸ್ಥೆ ಮಾಡಿದ ಕೆಲಸ. ಅಮೆರಿಕದಿಂದ ಬಂದ ಧಾನ್ಯವನ್ನು ಬಡ ದೇಶದ ಮಾರುಕಟ್ಟೆಯಲ್ಲಿ ಮಾರಿ, ಆ ದುಡ್ಡಲ್ಲಿ ಕಾರ್ಯಕ್ರಮ ನಡೆಸುವ ಪದ್ಧತಿ ಇತ್ತು. ಇದರಿಂದ ಅಲ್ಲಿನ ರೈತರ ಬೆಳೆಗೆ ಬೆಲೆ ಬೀಳುತ್ತೆ ಅಂತ ಕೇರ್ ಒಪ್ಪಿಕೊಂಡಿತು. ಇದನ್ನು ನಿಲ್ಲಿಸುತ್ತೇವೆ ಅಂತ 2007ರಲ್ಲಿ ಹೇಳಿತು. ವರ್ಷಕ್ಕೆ ಸುಮಾರು 4.5 ಕೋಟಿ ಡಾಲರ್ ಕೈಬಿಡೋದು ಸುಮ್ನೆ ಮಾತಲ್ಲ.

ಇದಕ್ಕೆ ಎದುರಾದ ಕಥೆಯೂ ಒಂದಿದೆ, ಅದು ನಮ್ಮದೇ. 1970ರಲ್ಲಿ ಕ್ಷೀರ ಕ್ರಾಂತಿ ಶುರುವಾದಾಗ ಯುರೋಪಿನಿಂದ 1,26,000 ಟನ್ ಹಾಲಿನ ಪುಡಿ ದಾನವಾಗಿ ಬರೋದು ಅಂತ ನಿಗದಿಯಾಗಿತ್ತು. ಅದನ್ನೂ ಮಾರಿದರು. ಆದರೆ ಪುಡಿ ಇದ್ದದ್ದು ವರ್ಗೀಸ್ ಕುರಿಯನ್ ಮತ್ತು ಅವರ ಜೊತೆಯವರ ಕೈಯಲ್ಲಿ. ಹಳ್ಳಿಯ ಹಾಲಿನ ಬೆಲೆ ಬೀಳದಂತೆ ನೋಡಿಕೊಂಡು ಪಟ್ಟಣದಲ್ಲಿ ಮಾರಿದರು. ಬಂದ ದುಡ್ಡು ಹಾಲು ಉತ್ಪಾದಕರ ಸಂಘಗಳನ್ನು ಕಟ್ಟಲು ಹೋಯಿತು. ನಮ್ಮಲ್ಲೂ 1974ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಡೇರಿ ಯೋಜನೆ ಬಂತು, ಅದೇ ಮುಂದೆ ಕೆಎಂಎಫ್ ಆಯಿತು. 2013ರಿಂದ ನಮ್ಮ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಕೊಡುತ್ತಿದ್ದಾರೆ. ಅದನ್ನು ಮಾಡುವ ಹಾಲಿನ ಪುಡಿ ಇಲ್ಲಿನ ಹಸುಗಳದ್ದೇ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ತಾಯಿಯ ಮಗು ಶಾಲೆಯಲ್ಲಿ ಅದೇ ಹಾಲು ಕುಡಿಯುತ್ತೆ. ನೆರವು ಕೆಲಸ ಮಾಡಿತು ಅನ್ನೋಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದಕ್ಕೇ 2025ರಲ್ಲಿ ಅಮೆರಿಕ ಮಾಡಿದ್ದನ್ನು ಸುಧಾರಣೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತೆ. ಹೊರ ದೇಶಗಳಿಗೆ ನೆರವು ಕೊಡುವ ಅವರ ಸರ್ಕಾರದ ಸಂಸ್ಥೆ ಯುಎಸ್‌ಏಡ್‌ನ ಶೇ. 83ರಷ್ಟು ಕಾರ್ಯಕ್ರಮಗಳು ರದ್ದಾದವು. ಜುಲೈ 1ಕ್ಕೆ ಸಂಸ್ಥೆಯೇ ಮುಚ್ಚಿತು. ಅದೇ ತಿಂಗಳು ದುಬೈನ ಗೋದಾಮಿನಲ್ಲಿ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತಿನ ಅವಧಿ ಮುಗಿಯಿತು. ಅದು ಅಫ್ಘಾನಿಸ್ತಾನ, ಪಾಕಿಸ್ತಾನದ ಮಕ್ಕಳಿಗೆ ಹೋಗಬೇಕಿದ್ದದ್ದು. ಅಷ್ಟನ್ನೂ ನಾಶ ಮಾಡಲು ತೀರ್ಮಾನಿಸಿದರು. ದೂರದಿಂದ ಹಡಗಲ್ಲಿ ತರಬೇಡಿ, ಹತ್ತಿರದಲ್ಲೇ ಕೊಳ್ಳಿ ಅಂತ ಇಪ್ಪತ್ತು ವರ್ಷ ಬಡಿದಾಡಿದವರು ಇದನ್ನಂತೂ ಕೇಳಿರಲಿಲ್ಲ. ಆ ಬಿಸ್ಕತ್ತು ಎಲ್ಲಿ ತಯಾರಾದರೂ ಸರಿ, ತಟ್ಟೆ ಹಿಡಿದು ಸಾಲಲ್ಲಿ ನಿಂತ ಮಕ್ಕಳ ಕೈಗೆ ಸೇರಬೇಕಿತ್ತು.