ಎಂಟನೇ ಹೆನ್ರಿ ಇಂಗ್ಲೆಂಡನ್ನು ಪ್ರಾಟೆಸ್ಟೆಂಟ್ ಮಾಡಿದನೇ? ಒಂದು ಸ್ಪಷ್ಟನೆ

‘ಪೋಪ್ ವಿಚ್ಛೇದನ ಕೊಡಲಿಲ್ಲವೆಂಬ ಸಿಟ್ಟಿಗೆ ಎಂಟನೇ ಹೆನ್ರಿ 1534ರಲ್ಲಿ ಪ್ರಾಟೆಸ್ಟೆಂಟ್ ಆಗಿ, ದೇಶವನ್ನೂ ಹಾಗೆಯೇ ಮಾಡಿದ’ ಎಂಬ ಸಂದೇಶ ಹರಿದಾಡುತ್ತಿದೆ. (ಪೋಪನ ಅಧಿಕಾರವನ್ನೂ ಹಲವು ಕ್ಯಾಥೊಲಿಕ್ ನಂಬಿಕೆಗಳನ್ನೂ ತಿರಸ್ಕರಿಸಿದ ಕ್ರೈಸ್ತರೇ ಪ್ರಾಟೆಸ್ಟೆಂಟರು.) ಇದರಲ್ಲಿ ಅರ್ಧ ಮಾತ್ರ ಸತ್ಯ.

ಹೆನ್ರಿ ಕೇಳಿದ್ದು ವಿಚ್ಛೇದನವನ್ನಲ್ಲ, ಪತ್ನಿ ಕ್ಯಾಥರೀನಳೊಂದಿಗಿನ ಮದುವೆಯೇ ಅಸಿಂಧುವೆಂಬ ಘೋಷಣೆಯನ್ನು. ಆಕೆ ಪವಿತ್ರ ರೋಮನ್ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಚಿಕ್ಕಮ್ಮ. ಅವನ ಸೇನೆ 1527ರಲ್ಲಿ ರೋಮನ್ನೇ ಲೂಟಿ ಮಾಡಿದ್ದರಿಂದ ಪೋಪನಿಗೆ ಸಮ್ಮತಿಸುವ ಧೈರ್ಯವಿರಲಿಲ್ಲ. 1534ರ ಶಾಸನವು ಇಂಗ್ಲೆಂಡಿನ ಚರ್ಚಿಗೆ ರಾಜನೇ ಮುಖ್ಯಸ್ಥನೆಂದು ಸಾರಿತೇ ಹೊರತು ಪೂಜಾಕ್ರಮವನ್ನಾಗಲಿ ನಂಬಿಕೆಯನ್ನಾಗಲಿ ಬದಲಿಸಲಿಲ್ಲ.

ಪ್ರಾಟೆಸ್ಟೆಂಟ್ ಚಳವಳಿಯನ್ನು ಆರಂಭಿಸಿದ ಜರ್ಮನಿಯ ಲೂಥರನನ್ನು ಖಂಡಿಸಿ ಬರೆದದ್ದಕ್ಕೆ 1521ರಲ್ಲಿ ಪೋಪನಿಂದಲೇ ‘ಧರ್ಮರಕ್ಷಕ’ ಬಿರುದು ಪಡೆದಿದ್ದ ಹೆನ್ರಿ, ಮಠಗಳ ಆಸ್ತಿಯನ್ನು ನುಂಗಿದ ಮೇಲೂ, 1539ರ ಆರು ವಿಧಿಗಳ ಕಾಯ್ದೆಯಲ್ಲಿ ಪಾದ್ರಿಗಳ ಬ್ರಹ್ಮಚರ್ಯ, ಖಾಸಗಿ ಪೂಜೆ ಮುಂತಾದ ಹಳೆಯ ಕ್ಯಾಥೊಲಿಕ್ ಪದ್ಧತಿಗಳನ್ನೇ ಎತ್ತಿಹಿಡಿದ. 1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಮೂವರು ಪ್ರಾಟೆಸ್ಟೆಂಟ್ ಸುಧಾರಕರನ್ನು ಧರ್ಮದ್ರೋಹಕ್ಕಾಗಿ ಸುಡಲಾಯಿತು, ಅದೇ ದಿನ, ಅದೇ ಜಾಗದಲ್ಲಿ, ರಾಜನ ಪರಮಾಧಿಕಾರವನ್ನು ಒಪ್ಪದ ಮೂವರು ಕ್ಯಾಥೊಲಿಕರನ್ನು ರಾಜದ್ರೋಹಕ್ಕಾಗಿ ಕೊಲ್ಲಲಾಯಿತು. ಇಂಥವನನ್ನು ಪ್ರಾಟೆಸ್ಟೆಂಟನೆನ್ನುವುದು ಕಷ್ಟ.

ನಿಜವಾದ ತಿರುವು ಬಂದದ್ದು ಮಗ ಆರನೇ ಎಡ್ವರ್ಡನ ಕಾಲದಲ್ಲಿ, 1549ರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದೊಂದಿಗೆ. 1553ರಲ್ಲಿ ಪಟ್ಟಕ್ಕೆ ಬಂದ ಹೆನ್ರಿಯ ಮಗಳು, ಕ್ಯಾಥೊಲಿಕಳಾದ ಮೇರಿ ದೇಶವನ್ನು ಮತ್ತೆ ರೋಮಿನ ಅಧೀನಕ್ಕೆ ಒಯ್ದಳು. ಪ್ರಾಟೆಸ್ಟೆಂಟ್ ಚರ್ಚು ಶಾಶ್ವತವಾಗಿ ಸ್ಥಾಪನೆಯಾದದ್ದು ಎಲಿಜಬೆತ್ ರಾಣಿಯ 1559ರ ಶಾಸನಗಳಿಂದ.